6,600 ರೂಪಾಯಿಯ ಬಾಡಿಗೆ ಕಾರಿಗೆ ನಾನು ಕೊಟ್ಟಿದ್ದು 14,344

ತುಳಸಿ ಮದುವೆ ಮುಗಿದ ಮೇಲೆ ಶಿರಸಿಯಲ್ಲಿ ಚಿಕ್ಕಪ್ಪನ ಮಗಳ ಮದುವೆ ಇತ್ತು. ಮುಂಬೈಯಿಂದ ಅಕ್ಕ, ಭಾವ, ಇಬ್ಬರು ಮಕ್ಕಳು ಬೆಳಗಿನ ಜಾವದ ರೈಲಿಗೆ ಕಾರವಾರಕ್ಕೆ ಬಂದಿಳಿಯುವವರಿದ್ದರು. ಆಯಿಗೆ ಮೊಣಕಾಲು ನೋವು. ಬಸ್ಸಿನಲ್ಲಿ ದೇವಿಮನೆ ಘಟ್ಟ ಹತ್ತುವುದು ಅವಳಿಗೆ ಕಷ್ಟ. ಹಾಗಾಗಿ ಏಳು ಸೀಟಿನ ಕಾರು ಮೂರು ದಿನಕ್ಕೆ ಬಾಡಿಗೆಗೆ ತಗೊಂಡೆ. ಡ್ರೈವಿಂಗ್ ನನ್ನದೇ.

ಫೋನಿನಲ್ಲಿ ಮಾತು ಚೆನ್ನಾಗಿಯೇ ನಡೆಯಿತು. ದಿನಕ್ಕೆ 2,200, ಮೂರು ದಿನಕ್ಕೆ 6,600. ಡೆಪಾಸಿಟ್ 5,000, ಗಾಡಿ ವಾಪಸ್ ಕೊಟ್ಟ ತಕ್ಷಣ ಹಿಂದಕ್ಕೆ. "ಕಿಲೋಮೀಟರ್ ಏನಾದ್ರೂ ಲಿಮಿಟ್ ಇದೆಯಾ?" ಅಂತ ಕೇಳಿದೆ. "ಅದೆಲ್ಲ ತಲೆಬಿಸಿ ಬೇಡ, ಆರಾಮ ಓಡಾಡಿ" ಅಂದರು. ಸ್ಟೇಷನ್ನಿಗೇ ಗಾಡಿ ತಂದುಕೊಡ್ತೇವೆ ಅಂತಲೂ ಹೇಳಿದರು. ನಮ್ಮೂರಿನವರೇ ಅಲ್ವಾ ಅಂತ ನಂಬಿದೆ.

ಶುಕ್ರವಾರ ಬೆಳಿಗ್ಗೆ ಐದೂವರೆಗೆ ಶಿರವಾಡದ ಸ್ಟೇಷನ್ ಮುಂದೆ ಒಬ್ಬ ಹುಡುಗ ಗಾಡಿ ತಂದು ನಿಲ್ಲಿಸಿದ. ಇನ್ನೂ ಕತ್ತಲೆ. ಮಕ್ಕಳು ನಿದ್ದೆಗಣ್ಣಿನಲ್ಲಿ ಅಳುತ್ತಿದ್ದರು. ಹುಡುಗ ಒಂದು ಹಾಳೆಗೆ ಸಹಿ ಹಾಕಿಸಿಕೊಂಡ. ನನ್ನ ಒರಿಜಿನಲ್ ಆಧಾರ್ ಕಾರ್ಡ್ ಇಸ್ಕೊಂಡ. ನಾನು ಮೊಬೈಲ್ ಟಾರ್ಚ್ ಹಾಕಿ ನಾಲ್ಕು ಕಡೆಯಿಂದ ಫೋಟೋ ತೆಗೆದೆ. ಅಷ್ಟು ಸಾಕು ಅಂದುಕೊಂಡೆ. ಸಹಿ ಹಾಕಿದ ಹಾಳೆಯನ್ನು ಓದಲಿಲ್ಲ, ಅದರ ಪ್ರತಿಯನ್ನೂ ಕೇಳಲಿಲ್ಲ.

ಮೂರು ದಿನ ಚೆನ್ನಾಗಿತ್ತು. ಮೊದಲ ದಿನ ಯಾಣ ನೋಡಿಕೊಂಡು ಶಿರಸಿ ಸೇರಿದೆವು. ಶನಿವಾರ ಮದುವೆ ಊಟ ಮುಗಿಸಿ ಸಂಜೆ ಬನವಾಸಿಗೆ ಹೋಗಿ ಬಂದೆವು. ಭಾನುವಾರ ಕುಮಟಾಕ್ಕೆ ಇಳಿದು, ಮುರ್ಡೇಶ್ವರ, ಗೋಕರ್ಣ ಮುಗಿಸಿ ರಾತ್ರಿ 8:40ಕ್ಕೆ ಕಾರವಾರದಲ್ಲಿ ಗಾಡಿ ವಾಪಸ್ ಕೊಟ್ಟೆ.

ಅಲ್ಲಿ ನನ್ನ ಕೈಗೆ ಕೊಟ್ಟ ಚೀಟಿಯಲ್ಲಿ ಇದ್ದದ್ದು ಇಷ್ಟು. ಜಾಸ್ತಿ ಕಿಲೋಮೀಟರ್‌ಗೆ 1,344. ತಡವಾಗಿದ್ದಕ್ಕೆ 600. ಟೋಲ್ 800. ಕ್ಲೀನಿಂಗ್ 1,000. ಸ್ಟೇಷನ್ನಿಗೆ ಗಾಡಿ ತಂದಿದ್ದಕ್ಕೆ 500. ಮುಂದಿನ ಬಂಪರ್‌ನ ಗೀರಿಗೆ 3,500. ಆ ಬಂಪರ್ ರಿಪೇರಿಗೆ ಗಾಡಿ ಎರಡು ದಿನ ಗ್ಯಾರೇಜಿನಲ್ಲಿ ನಿಲ್ಲುತ್ತದೆ ಅಂತ ಅದರ ಬಾಡಿಗೆ 4,400. ಒಟ್ಟು 12,144. ಡೆಪಾಸಿಟ್ ಕಳೆದು ಇನ್ನೂ 7,144 ಕೊಡಿ ಅಂದರು.

ಕಿಲೋಮೀಟರ್ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇದು ಯಾರ ತಲೆಗೂ ಹೊಳೆಯುವುದಿಲ್ಲ. ಆ ಹಾಳೆಯಲ್ಲಿ ದಿನಕ್ಕೆ 150 ಕಿಲೋಮೀಟರ್ ಅಂತ ಇತ್ತಂತೆ. ಮೂರು ದಿನಕ್ಕೆ 450. ನಾವು ಓಡಿಸಿದ್ದು 468. ಜಾಸ್ತಿ ಆಗಿದ್ದು 18 ಕಿಲೋಮೀಟರ್, ಕಿಲೋಮೀಟರ್‌ಗೆ 12ರಂತೆ 216 ರೂಪಾಯಿ. ಆದರೆ ಅವರು ಗಾಡಿಯ ಜಿಪಿಎಸ್ ನೋಡಿ ಒಂದೊಂದು ದಿನಕ್ಕೆ ಬೇರೆ ಬೇರೆ ಲೆಕ್ಕ ಹಾಕಿದ್ದರು. ಶುಕ್ರವಾರ 148, ಶನಿವಾರ 58, ಭಾನುವಾರ 262. ಶನಿವಾರ ಉಳಿದದ್ದು ಭಾನುವಾರಕ್ಕೆ ಸೇರುವುದಿಲ್ಲವಂತೆ. ಹಾಗಾಗಿ ಭಾನುವಾರದ 112 ಕಿಲೋಮೀಟರ್‌ಗೆ ಪೂರ್ತಿ ದುಡ್ಡು.

ಸಮಯದ್ದೂ ಹೀಗೇ. ಶುಕ್ರವಾರ ಬೆಳಿಗ್ಗೆ ಐದೂವರೆಗೆ ತಗೊಂಡ ಗಾಡಿ. 24 ಗಂಟೆಗೆ ಒಂದು ದಿನ ಅಂದರೆ ಸೋಮವಾರ ಬೆಳಗಿನವರೆಗೂ ನನಗೆ ಟೈಮ್ ಇತ್ತು. ಅವರ ಪ್ರಕಾರ ದಿನ ಸಂಜೆ 7ಕ್ಕೆ ಮುಗಿಯುತ್ತದೆ, ಆಮೇಲೆ ಗಂಟೆಗೆ 300.

ಟೋಲ್ ವಿಷಯಕ್ಕೆ ನಾನು ಸುಮ್ನೆ ಬಿಡಲಿಲ್ಲ. ನಾವು ದಾಟಿದ್ದು ಅಂಕೋಲಾ ಹತ್ತಿರದ ಹಟ್ಟಿಕೇರಿ, ಕುಮಟಾ ಹತ್ತಿರದ ಹೊಳೆಗದ್ದೆ, ಎರಡೇ ಟೋಲ್. ಹೊಳೆಗದ್ದೆಯಲ್ಲಿ ಅದೇ ದಿನ ಹೋಗಿ ಬಂದೆವು. 24 ಗಂಟೆಯೊಳಗೆ ವಾಪಸ್ ಬಂದರೆ ಎರಡೂ ಕಡೆ ಸೇರಿ ಒಂದು ಸಲದ ಟೋಲ್‌ನ ಒಂದೂವರೆ ಪಟ್ಟು ಮಾತ್ರ ಕಡಿತ ಆಗಬೇಕು. "ಫಾಸ್ಟ್ಯಾಗ್ ಮೆಸೇಜ್ ತೋರಿಸಿ, ಎಷ್ಟು ಹೋಗಿದೆಯೋ ಅಷ್ಟು ಕೊಡ್ತೇನೆ" ಅಂದೆ. ತೋರಿಸಲಿಲ್ಲ. ನಾವು ಅಂದಾಜಿನ ಮೇಲೆ ತಗೊಳ್ಳೋದು ಅಂದರು.

ಕ್ಲೀನಿಂಗ್‌ಗೆ ಕಾರಣ ಯಾಣದ ರಸ್ತೆಯ ಕೆಂಪು ಮಣ್ಣು, ಗೋಕರ್ಣದ ಮರಳು. ನಮ್ಮ ಜಿಲ್ಲೆಯಲ್ಲಿ ಗಾಡಿ ಬಾಡಿಗೆಗೆ ಕೊಟ್ಟ ಮೇಲೆ ಮಣ್ಣು, ಮರಳು ಅಂಟದೆ ವಾಪಸ್ ಬರುವುದು ಹೇಗೆ?

ನನಗೆ ನಿಜವಾಗಿ ನೋವಾಗಿದ್ದು ಬಂಪರ್ ವಿಷಯದಲ್ಲಿ. ಗೀರು ಇದ್ದದ್ದು ಬಂಪರ್‌ನ ಕೆಳಭಾಗದಲ್ಲಿ, ನೆಲದ ಕಡೆಗೆ. ಬಗ್ಗಿ ನೋಡಿದರೆ ಮಾತ್ರ ಕಾಣುತ್ತದೆ. ಅದರ ಮೇಲೆ ಹಳೆಯ ಧೂಳು ಗಟ್ಟಿಯಾಗಿ ಕೂತಿತ್ತು. ಮೂರು ದಿನದಲ್ಲಿ ಆದ ಗೀರು ಅದಲ್ಲ. ಆದರೆ ನನ್ನ ಕತ್ತಲೆಯ ಫೋಟೋದಲ್ಲಿ ಆ ಜಾಗವೇ ಇಲ್ಲ. ವಾದ ಮಾಡಿದೆ, ಭಾವನೂ ಮಾಡಿದರು. ಮಕ್ಕಳು ಹಸಿದಿದ್ದರು, ಆಯಿ ಕಾಲು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ನನ್ನ ಆಧಾರ್ ಅವರ ಡ್ರಾಯರಿನಲ್ಲಿತ್ತು. ಕೊನೆಗೆ ಗ್ಯಾರೇಜಿನ 4,400 ಬಿಟ್ಟರು. ಉಳಿದ 2,744 ಕೊಟ್ಟು ಕಾರ್ಡ್ ಬಿಡಿಸಿಕೊಂಡು ಬಂದೆ. ಬಿಲ್ ಕೇಳಿದ್ದಕ್ಕೆ "ಬಿಲ್ ಬೇಕಾದರೆ ಜಿಎಸ್‌ಟಿ ಬೇರೆ ಆಗುತ್ತೆ" ಅಂದರು.

ಇದಕ್ಕಿಂತ ದೊಡ್ಡ ವಿಷಯ ಮಾರನೇ ದಿನ ಗೊತ್ತಾಯಿತು. ಇನ್ಶೂರೆನ್ಸ್ ಕೆಲಸ ಮಾಡುವ ಪಕ್ಕದ ಮನೆಯವರು ನನ್ನ ಫೋಟೋ ನೋಡಿ, "ಇದು ಬಿಳಿ ಬೋರ್ಡ್ ಗಾಡಿ ಅಲ್ವಾ ಮಾರಾಯ್ರೆ" ಅಂದರು. ನಾವೇ ಓಡಿಸುವ ಬಾಡಿಗೆ ಕಾರಿಗೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇರಬೇಕು. ಡ್ರೈವರ್ ಸಮೇತ ಬರುವ ಟ್ಯಾಕ್ಸಿಗೆ ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರ. ಬಿಳಿ ಬೋರ್ಡ್ ಸ್ವಂತಕ್ಕೆ ಓಡಿಸುವ ಗಾಡಿಗೆ, ಅದನ್ನು ಬಾಡಿಗೆಗೆ ಬಿಡುವ ಹಾಗಿಲ್ಲ. ಬಿಟ್ಟಾಗ ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಕ್ಲೇಮ್ ತಿರಸ್ಕರಿಸಬಹುದು. ದೇವಿಮನೆ ಘಟ್ಟದ ತಿರುವುಗಳಲ್ಲಿ ನಾನು ಮನೆಯವರನ್ನೆಲ್ಲ ಕೂರಿಸಿಕೊಂಡು ಓಡಿಸಿದ್ದು ಅಂಥ ಗಾಡಿಯನ್ನು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಬಾಡಿಗೆ ಎಷ್ಟು ಅಂತ ಕೇಳುವ ಮುಂಚೆ ಬೋರ್ಡ್ ಯಾವ ಬಣ್ಣ ಅಂತ ಕೇಳಿ. ಗಾಡಿ ನಂಬರ್ ಮೊದಲೇ ತಗೊಂಡು ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ. ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ ಅನ್ನುವುದೂ ಅಲ್ಲೇ ಕಾಣುತ್ತದೆ. ಒರಿಜಿನಲ್ ಆಧಾರ್ ಮಾತ್ರ ಯಾರ ಕೈಗೂ ಕೊಡಬೇಡಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿ ಸಾಕು. ಬೆಳಕಿದ್ದಾಗಲೇ ಗಾಡಿ ತಗೊಳ್ಳಿ. ಗಾಡಿ ತಂದವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ವಿಡಿಯೋ ಮಾಡಿ. ಬಂಪರ್ ಕೆಳಗೆ, ಚಕ್ರದ ರಿಮ್, ಗಾಜು, ಸೀಟು, ಮೀಟರ್, ಪೆಟ್ರೋಲ್ ಮುಳ್ಳು ಎಲ್ಲ ಅದರಲ್ಲಿ ಬರಲಿ. ಜಿಎಸ್‌ಟಿ ಹೆಸರಲ್ಲಿ ದುಡ್ಡು ಕೇಳಿದರೆ ಬಿಲ್ಲಿನಲ್ಲಿ 15 ಅಂಕಿ-ಅಕ್ಷರದ ನಂಬರ್ ಇರಲೇಬೇಕು. ಕರ್ನಾಟಕದ್ದಾದರೆ ಅದು 29ರಿಂದ ಶುರುವಾಗುತ್ತದೆ. ಗೋವಾದಲ್ಲಿ ಇಳಿದು ಅಲ್ಲಿಂದಲೇ ಕಾರು ತರುವವರು ಗಡಿಯ ಮಾಜಾಳಿ ದಾಟಿ ಈ ಕಡೆ ಬರಲು ಒಪ್ಪಿಗೆ ಇದೆಯಾ, ತೆರಿಗೆ ಯಾರು ಕಟ್ಟುತ್ತಾರೆ ಅಂತ ಮೊದಲೇ ಬರೆಸಿಕೊಳ್ಳಿ.

ಈಗಾಗಲೇ ಸಿಕ್ಕಿಬಿದ್ದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಾನೂ ಅಲ್ಲಿ ದೂರು ಬರೆಸಿದ್ದೇನೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೇ ಒಂದು ತಪ್ಪು. ಜಿಲ್ಲಾ ಗ್ರಾಹಕ ಆಯೋಗ ಕಾರವಾರದಲ್ಲೇ ಇದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಯುಪಿಐನಲ್ಲೇ ದುಡ್ಡು ಕೊಟ್ಟಿದ್ದರಿಂದ ನನ್ನ ಹತ್ತಿರ ಅಷ್ಟಾದರೂ ದಾಖಲೆ ಉಳಿದಿದೆ.

ಕಳೆದ ತಿಂಗಳು ಮಾವ ಜೋಗಕ್ಕೆ ಹೋಗಲು ಕಾರು ಹುಡುಕುತ್ತಿದ್ದರು. ಅವರಿಗೆ ಒಂದು ವಾಟ್ಸಾಪ್ ಮೆಸೇಜ್ ಬರೆದುಕೊಟ್ಟೆ: "ಬೋರ್ಡ್ ಯಾವ ಬಣ್ಣ? ಒಟ್ಟು ಎಷ್ಟು ಕಿಲೋಮೀಟರ್, ದಿನದ ಲೆಕ್ಕವೋ ಒಟ್ಟು ಲೆಕ್ಕವೋ? ಎಷ್ಟು ಗಂಟೆಗೆ ವಾಪಸ್ ಕೊಡಬೇಕು? ಟೋಲ್, ಕ್ಲೀನಿಂಗ್, ಡೆಲಿವರಿ ಸೇರಿದೆಯಾ? ಗೀರಾದರೆ ಹೆಚ್ಚೆಂದರೆ ಎಷ್ಟು? ಡೆಪಾಸಿಟ್ ಯಾವಾಗ ವಾಪಸ್?" ಮೂರು ಜನರಿಗೆ ಕಳಿಸಿದರು. ಒಬ್ಬರು ಉತ್ತರವನ್ನೇ ಕೊಡಲಿಲ್ಲ. ಇನ್ನೊಬ್ಬರು ಬಂದು ಮಾತಾಡೋಣ ಅಂದರು. ಮೂರನೆಯವರು ಒಂದೊಂದಕ್ಕೂ ಬರೆದು ಉತ್ತರ ಕೊಟ್ಟರು. ದಿನಕ್ಕೆ 300 ರೂಪಾಯಿ ಜಾಸ್ತಿ. ಮಾವ ಅವರ ಹತ್ತಿರವೇ ತಗೊಂಡರು. ವಾಪಸ್ ಕೊಟ್ಟಾಗ ಡೆಪಾಸಿಟ್ ಪೂರ್ತಿ ಬಂತು.