ಇಂಟರ್ನೆಟ್ ಬ್ಯಾಡ ಅನ್ನೋ ಹಿರೇರ ಮನಿಗೆ ಟಿವಿ ಯಾವ್ದು, ಫೋನ್ ಯಾವ್ದು: ನಾವು ಹಾಕಿಸಿ ನೋಡಿದ್ದು

ಅಪ್ಪ-ಅವ್ವ ಇಬ್ರ ಊರಾಗ, ಮಕ್ಕಳು ಬ್ಯಾರೆ ಊರಾಗ, ಇಂಥಾ ಮನಿ ಈಗ ನಮ್ಮ ಕಡೆ ಓಣಿಗೆ ನಾಕೈದು ಸಿಗತಾವ. ಅವ್ರಿಗೆ ಬೇಕಾಗಿದ್ದು ಭಾಳ ಏನಿಲ್ಲ, ಸಂಜಿಮುಂದ ನೋಡಾಕ ಟಿವಿ, ಎತ್ತಿದ ಕೂಡ್ಲೆ ಮಾತಾಡಾಕ ಬರೋ ಒಂದು ಫೋನ್, ಅಷ್ಟ. ಆದ್ರ ಅಂಗಡಿಗೆ ಹೋಗಿ ಕೇಳ್ರಿ, ಮೊದಲ ವೈಫೈ ತಗೋರಿ ಅಂತಾರ, ವೈಫೈ ತಗೊಂಡ್ರ ಟಿವಿನೂ ಅದರಾಗ ಫೋನೂ ಅದರಾಗ ಅಂತ ಐನೂರು ಆರ್ನೂರು ರೂಪಾಯಿ ಪ್ಲ್ಯಾನ್ ತೋರಸ್ತಾರ, ನಮ್ಮ ಅವ್ವಗ ವೈಫೈದಿಂದ ಏನ್ ಆಗಬೇಕಾಗೇತಿ ಅಂತ ಯಾರೂ ಕೇಳಂಗಿಲ್ಲ. ನಮ್ಮ ಅಪ್ಪ-ಅವ್ವ ಗದಗ-ಬೆಟಗೇರ್ಯಾಗ ಇರ್ತಾರ, ದೊಡ್ಡಪ್ಪ-ದೊಡ್ಡವ್ವ ಧಾರವಾಡದಾಗ, ನಾ ಇರೋದು ಹುಬ್ಬಳ್ಳ್ಯಾಗ, ಹಿಂಗಾಗಿ ಎರಡೂ ಮನಿ ಜವಾಬ್ದಾರಿ ನಂದ. ಎರಡೂ ಕಡೆ ಒಂದೊಂದು ಹಾಕಿಸಿ, ತಗಸಿ, ಮತ್ತ ಬ್ಯಾರೆ ಹಾಕಿಸಿ ನೋಡೀವಿ. ಅದನ್ನ ಬರೀತೀನಿ, ಯಾರಿಗರೆ ಉಪಯೋಗ ಆಗಬಹುದು.

ಮೊದಲ ಡಿಡಿ ಫ್ರೀ ಡಿಶ್. ಇದು ಪ್ರಸಾರ ಭಾರತಿದು, 2004ರಾಗ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾಗಿದ್ದು, ತಿಂಗಳ ಬಾಡಿಗಿ ಇಲ್ಲ, ರೀಚಾರ್ಜ್ ಇಲ್ಲ, ಆಧಾರ್ ಕಾರ್ಡ್ ಕೇಳಂಗಿಲ್ಲ. ಡಿಶ್, ಬಾಕ್ಸ್, ವೈರ್, ಕೂಡಿಸಿದ ಮಜೂರಿ ಎಲ್ಲಾ ಹಿಡದು ಬೆಟಗೇರ್ಯಾಗ ನಮ್ಗ ಎರಡು ಸಾವಿರದ ಒಳಗ ಮುಗೀತು. ಬಾಕ್ಸ್ ತಗೋವಾಗ ಎಂಪೆಗ್-4 ಅನ್ನೋದನ್ನ ಕೇಳಿ ತಗೋರಿ, ಹಳೇ ಎಂಪೆಗ್-2 ಬಾಕ್ಸ್‌ನ್ಯಾಗ ಎಲ್ಲಾ ಚಾನೆಲ್ ಬರಂಗಿಲ್ಲ, ಎಂಪೆಗ್-4 ಬಾಕ್ಸ್ ಎರಡೂ ತೋರಸತೈತಿ. ಡಿಶ್ ನಮ್ಮ ಕಡೆಯಿಂದ ಆಗ್ನೇಯ ದಿಕ್ಕಿಗೆ ಮುಖಾ ಮಾಡಬೇಕಾಗತೈತಿ, ಯಾಕಂದ್ರ ಆ ಜಿಸ್ಯಾಟ್-15 ಉಪಗ್ರಹ 93.5 ಡಿಗ್ರಿ ಪೂರ್ವದಾಗ ಐತಿ. ಆ ದಿಕ್ಕಿಗೆ ಬಾಜೂ ಮನಿ ಬೇವಿನ ಗಿಡ ಇತ್ತು, ಅದಕ್ಕ ಮಾಳಿಗಿ ಮ್ಯಾಲ ಇನ್ನೊಂದು ಮೂಲ್ಯಾಗ ಕೂಡಿಸಿದ್ರು. ಕೂಡಿಸೋಕ್ಕಿಂತ ಮೊದಲ ಅಲ್ಲಿ ಗಿಡ, ನೀರಿನ ಟ್ಯಾಂಕ್ ಏನೂ ಅಡ್ಡ ಇಲ್ಲಂತ ನೀವ ಒಮ್ಮೆ ಮ್ಯಾಲ ಹತ್ತಿ ನೋಡಿಬಿಡ್ರಿ.

ಅಪ್ಪಗ ಇದು ಭಾಳ ಸೇರತು. ಚಂದನ ಬರತೈತಿ, ಸುದ್ದಿ, ಕೃಷಿ ಕಾರ್ಯಕ್ರಮ, ಸಂಗೀತ ಎಲ್ಲಾ ಅದರಾಗ ನೋಡ್ತಾರ, ಹಿಂದಿ ಹಳೇ ಪಿಚ್ಚರ್ ಚಾನೆಲ್ ಅಂತೂ ಬೇಕಾದಷ್ಟು, ಅದರ ಮ್ಯಾಲ ಆಕಾಶವಾಣಿ ಚಾನೆಲ್‌ನೂ ಅದ ಬಾಕ್ಸ್‌ನ್ಯಾಗ ಕೇಳಬಹುದು. ಆದ್ರ ಅವ್ವಗ ಬೇಕಾಗಿದ್ದ ಜೀ ಕನ್ನಡ, ಕಲರ್ಸ್ ಕನ್ನಡ ಧಾರಾವಾಹಿ, ಅವು ಇದರಾಗ ಇಲ್ಲ. ಮನ್ಯಾಗ ಧಾರಾವಾಹಿ ನೋಡೋರು ಇದ್ರ ಫ್ರೀ ಡಿಶ್ ಒಂದರ ಮ್ಯಾಲ ನಡ್ಯಂಗಿಲ್ಲ, ಇದನ್ನ ಮೊದಲ ತಿಳ್ಕೊಳ್ರಿ. ಇನ್ನೊಂದು ತ್ರಾಸು ಐತಿ, ಅದರಾಗಿನ ಖಾಸಗಿ ಚಾನೆಲ್ ಜಾಗಾ ಹರಾಜಿನ್ಯಾಗ ಹೋಗತಾವ, ಹಿಂಗಾಗಿ ಕೆಲವು ಚಾನೆಲ್ ಹೋಗ್ತಾವ, ಹೊಸಾವು ಬರ್ತಾವ, ಆಗ ಬಾಕ್ಸ್‌ನ್ಯಾಗ ಆಟೋ ಸ್ಕ್ಯಾನ್ ಮಾಡಬೇಕು. ಮಾಡಿದ್ ಮ್ಯಾಲ ನಂಬರ್ ಎಲ್ಲಾ ಅದಲಬದಲ. ನಿನ್ನೆ ತನಕ ಒಂದು ನಂಬರ್ ಒತ್ತಿದ್ರ ಚಂದನ ಬರ್ತಿತ್ತು, ಇವತ್ತು ಬ್ಯಾರೇನೋ ಬರತೈತಿ ಅಂದ್ರ ಎಂಬತ್ತರ ಹತ್ತಿರ ಇರೋ ಮನಷಾಗ ಟಿವಿ ಕೆಟ್ಟೈತಿ ಅಂತನ ಅನ್ನಿಸ್ತೈತಿ. ಫೋನ್ ಮ್ಯಾಲ ಸ್ಕ್ಯಾನ್ ಮಾಡೋದು ಹೇಳಾಕ ಆಗಂಗಿಲ್ಲರಿ, ಪ್ರಯತ್ನ ಮಾಡೀನಿ. ಹತ್ತಿರ ಯಾರರೆ ಹುಡುಗರು ಇರಬೇಕು.

ಹಳೇ ಆಂಟೆನಾ ಸಾಕಾಗಂಗಿಲ್ಲೇನು ಅಂತ ದೊಡ್ಡಪ್ಪ ಕೇಳಿದ್ರು. ಮೀನಿನ ಎಲುಬಿನಂಥಾ ಆ ಆಂಟೆನಾಕ್ಕ ಬರೋ ದೂರದರ್ಶನದ ಅನಲಾಗ್ ಟ್ರಾನ್ಸ್‌ಮಿಟರ್ ದೇಶದಾಗ ಹೆಚ್ಚುಕಡಿಮಿ ಎಲ್ಲಾ 2022ರ ಹೊತ್ತಿಗೆ ಬಂದ್ ಆಗ್ಯಾವ, ಆ ದಾರಿ ಮುಗೀತು.

ಇನ್ನ ಕೇಬಲ್. ಧಾರವಾಡದಾಗ ದೊಡ್ಡಪ್ಪನ ಮನ್ಯಾಗ ಮೊದಲಿಂದನೂ ಕೇಬಲ್. ತಿಂಗಳಿಗೆ ಮುನ್ನೂರು ರೂಪಾಯಿ, ಹುಡುಗ ಮನಿಗೆ ಬಂದು ರೊಕ್ಕ ಇಸ್ಕೊಂಡು ಹೋಗ್ತಾನ. ಬರೇ ರೇಟ್ ನೋಡಿದ್ರ ಇದ ಎಲ್ಲಾಕ್ಕಿಂತ ತುಟ್ಟಿ, ಆದ್ರೂ ಹಿರೇರು ಇಬ್ರ ಇರೋ ಮನಿಗೆ ನಾ ಕೇಬಲ್‌ಗೆ ಭಾಳ ಮಾರ್ಕ್ಸ್ ಕೊಡ್ತೀನಿ, ಯಾಕಂದ್ರ ಚಿತ್ರ ಹೋತಂದ್ರ ದೊಡ್ಡವ್ವ ಆ ಹುಡುಗಗ ಫೋನ್ ಹಚ್ಚಿ "ಯಪ್ಪಾ, ಟಿವಿ ಹೋಗೇತಿ ಬಾರೋ" ಅಂದ್ರ ಸಂಜಿಯೊಳಗ ಬೈಕ್ ಮ್ಯಾಲ ಬರ್ತಾನ. ಅವ್ರು ಸೋರ್ಸ್ ಬಟನ್ ಒತ್ತಿ ಎಚ್‌ಡಿಎಂಐ ಬಿಟ್ಟು ಬ್ಯಾರೆ ಕಡೆ ಹೋಗಿದ್ರೂ ಬಂದು ಸರಿಮಾಡಿ ಕೊಡ್ತಾನ. ಈ ಸರ್ವಿಸ್ ಯಾವ ಕಾಲ್ ಸೆಂಟರ್ ಕಡೆ ಸಿಗತೈತಿ ಹೇಳ್ರಿ, ಒಂದು ಒತ್ತಿರಿ ಎರಡು ಒತ್ತಿರಿ ಅನ್ನೋದ ಕೇಳಿ ಕೇಳಿ ಹಿರೇರು ಫೋನ್ ಇಟ್ಟುಬಿಡ್ತಾರ.

ಕೇಬಲ್ದಾಗ ತೊಂದ್ರಿ ಇರೋದು ಎರಡು. ಮನ್ಯಾಗ ಇನ್ವರ್ಟರ್ ಇದ್ರೂ ಓಣ್ಯಾಗಿನ ಆಂಪ್ಲಿಫಯರ್‌ಗೆ ಕರೆಂಟ್ ಇಲ್ಲಂದ್ರ ಟಿವಿ ಬರಂಗಿಲ್ಲ, ಹೆಸ್ಕಾಂನೋರು ಲೈನ್ ರಿಪೇರಿಗೆ ಅಂತ ಹಗಲೆಲ್ಲಾ ತಗದ ದಿನ ಅದೂ ಬಂದ್. ಎರಡನೇದ್ದು ಪ್ಯಾಕೇಜ್. ನಮ್ಮ ಓಣಿ ಆಪರೇಟರ್ ಒಂದ ರೆಡಿ ಪ್ಯಾಕೇಜ್ ಕೊಡ್ತಾನ, ಅದರಾಗ ಇವ್ರು ಎಂದೂ ನೋಡಲಾರದ್ದು ಕಾರ್ಟೂನು, ಇಂಗ್ಲಿಷ್ ಪಿಚ್ಚರು ಎಲ್ಲಾ ತುಂಬಿರತಾವ. 2019ರಿಂದ ಟ್ರಾಯ್ (ಫೋನ್, ಟಿವಿ ಕಂಪನಿಗೆ ನಿಯಮ ಹಾಕೋ ಸರ್ಕಾರಿ ಸಂಸ್ಥೆ) ನಿಯಮದ ಪ್ರಕಾರ ನಮ್ಗ ಬೇಕಾದ ಚಾನೆಲ್ ಅಷ್ಟ ಬಿಡಿಬಿಡಿಯಾಗಿ ಆರಿಸ್ಕೊಳ್ಳೋ ಹಕ್ಕು ಐತಿ, ಕೇಬಲ್‌ಗೂ ಐತಿ ಡಿಟಿಎಚ್‌ಗೂ ಐತಿ. ನಾ ಒಂದು ಚೀಟಿ ಮ್ಯಾಲ ಚಾನೆಲ್ ಹೆಸರು ಬರದು ಅವನ ಕೈಯಾಗ ಕೊಟ್ಟೆ, ಸ್ವಲ್ಪ ಗೊಣಗಿದ, ಆಮ್ಯಾಲ ಐವತ್ತು ರೂಪಾಯಿ ಕಡಿಮಿ ಮಾಡಿಕೊಟ್ಟ. ಬಾಯಿಮಾತಿನ್ಯಾಗ ಕೇಳಿದ್ರ ಆಗಂಗಿಲ್ಲ ಅಂತಾರ, ಬರದು ಕೊಡ್ರಿ.

ಮೂರನೇದ್ದು ರೊಕ್ಕದ ಡಿಟಿಎಚ್. ಟಾಟಾ ಪ್ಲೇ, ಏರ್‌ಟೆಲ್, ಡಿಶ್ ಟಿವಿ, ಡಿ2ಎಚ್, ಸನ್ ಡೈರೆಕ್ಟ್ ಎಲ್ಲಾ ನಮ್ಮ ಕಡೆ ಸಿಗತಾವ. ಇದರಾಗ ಲೆಕ್ಕ ತಿಳ್ಕೊಂಡ್ರ ರೊಕ್ಕ ಉಳಿತೈತಿ. ಮೊದಲ ನೆಟ್‌ವರ್ಕ್ ಚಾರ್ಜ್ ಅಂತ ಒಂದು ಇರತೈತಿ, ಅದಕ್ಕ ಬಹಳ ದಿನ 130 ರೂಪಾಯಿ ಮಿತಿ ಇತ್ತು, 2024ರ ಜುಲೈದಾಗ ಟ್ರಾಯ್ ಆ ಮಿತಿ ತಗದೈತಿ, ಈಗ ಕಂಪನಿ ತಾವ ಇಡ್ತಾವ, ಅದಕ್ಕ ಮೊದಲ ಅದನ್ನ ಕೇಳ್ರಿ. ಆ ಚಾರ್ಜಿನ್ಯಾಗ ಫ್ರೀ ಚಾನೆಲ್ ಎಲ್ಲಾ ಬಂದ್ವು, ದೂರದರ್ಶನದ ಚಾನೆಲ್ ಅಂತೂ ಎಲ್ಲಾರೂ ಕೊಡಲೇಬೇಕು, ಕನ್ನಡ ಸುದ್ದಿ ಚಾನೆಲ್‌ನೂ ಬಹಳಷ್ಟು ಫ್ರೀನ. ಅದರ ಮ್ಯಾಲ ಅವ್ವ ನೋಡೋ ಚಾನೆಲ್‌ಗೆ ಅಷ್ಟ ರೊಕ್ಕ. ಉದಾಹರಣೆಗೆ 130ರ ಮ್ಯಾಲ 19 ರೂಪಾಯಿದ್ದು ಮೂರು ಚಾನೆಲ್ ಅಂತ ಹಿಡೀರಿ, 187 ಆತು, 18 ಪರ್ಸೆಂಟ್ ಜಿಎಸ್‌ಟಿ ಕೂಡಿಸಿದ್ರ 220 ರೂಪಾಯಿ ಚಿಲ್ಲರೆ. ಅಂಗಡ್ಯಾಗ ಇದನ್ನ ಕೇಳಿದ್ರ ಮುನ್ನೂರು ಮುನ್ನೂರೈವತ್ತರ ಪ್ಯಾಕ್ ತೋರಸ್ತಾರ, ಬಿಡಿ ಚಾನೆಲ್ ಬೇಕಂತ ಗಟ್ಟಿಯಾಗಿ ಹೇಳ್ರಿ. ಎಚ್‌ಡಿ ಬ್ಯಾಡ ಅಂತನೂ ಹೇಳ್ರಿ, ಮೂವತ್ತೆರಡು ಇಂಚಿನ ಟಿವ್ಯಾಗ ಕಣ್ಣಿನ ಪೊರಿ ಆಪರೇಷನ್ ಆದ ಅಪ್ಪಗ ಎಸ್‌ಡಿ ಎಚ್‌ಡಿ ಎರಡೂ ಒಂದ ಕಾಣತಾವ, ರೇಟ್ ಮಾತ್ರ ಬ್ಯಾರೆ.

ಮಳಿ ವಿಷಯ ಹೇಳಲೇಬೇಕು. ಡಿಶ್ ಯಾವ್ದ ಇರಲಿ, ಫ್ರೀ ಇರಲಿ ರೊಕ್ಕದ್ದ ಇರಲಿ, ಜೋರು ಮಳ್ಯಾಗ ಸಿಗ್ನಲ್ ಹೋಗತೈತಿ, ಉಪಗ್ರಹದಿಂದ ಬರೋ ಅಲೆ ಮಳಿ ಹನಿಗೆ ಕುಗ್ಗಿಬಿಡ್ತಾವ. ಧಾರವಾಡ ಅಂದ್ರ ಮಲೆನಾಡಿನ ಬಾಗಲಾ, ಜೂನ್ ಜುಲೈದಾಗ ಹಿಡದ ಮಳಿ ಬಿಡಂಗಿಲ್ಲ, ಗದಗ ಕಡೆ ಅಷ್ಟ ಇಲ್ಲ. ಅದಕ್ಕ ಧಾರವಾಡದ ಮನ್ಯಾಗ ಕೇಬಲ್ ಉಳಿಸಿದ್ವಿ, ಬೆಟಗೇರಿ ಮನ್ಯಾಗ ರೊಕ್ಕದ ಡಿಟಿಎಚ್ ಹಾಕಿಸಿ ವರ್ಷದ್ದು ಒಮ್ಮೆಲೆ ರೀಚಾರ್ಜ್ ಮಾಡ್ಸಿದ್ವಿ. ಫ್ರೀ ಡಿಶ್ ತಗೀಲಿಲ್ಲ, ಅದು ಅಪ್ಪನ ಖೋಲ್ಯಾಗಿನ ಸಣ್ಣ ಟಿವಿಗೆ ಹೋತು, ಆವತ್ತಿಂದ ಸಂಜಿಮುಂದಿನ ರಿಮೋಟಿನ ಜಗಳ ನಿಂತೈತಿ. ಎರಡನೇ ಟಿವಿಗೆ ಫ್ರೀ ಡಿಶ್‌ನಷ್ಟು ಚೊಲೋದು ಯಾವ್ದೂ ಇಲ್ಲ.

ಟಿವಿ ತಗೋವಾಗನೂ ಒಂದು ಮಾತು, ಸ್ಮಾರ್ಟ್ ಟಿವಿ ತರಬ್ಯಾಡ್ರಿ. ಹಚ್ಚಿದ ಕೂಡ್ಲೆ ಚಿತ್ರದ ಬದ್ಲಿ ಹತ್ತಿಪ್ಪತ್ತು ಡಬ್ಬಿ ಡಬ್ಬಿ ಕಾಣತಾವ, ಇಂಟರ್ನೆಟ್ ಇಲ್ಲಂತ ಮೆಸೇಜ್ ಬರತೈತಿ, ಹಿರೇರಿಗೆ ಅಲ್ಲೇ ದಾರಿ ತಪ್ಪತೈತಿ. ಸಾದಾ ಎಲ್‌ಇಡಿ ಸಿಕ್ರ ಅದನ್ನ ತಗೋರಿ. ಟಿವಿ ರಿಮೋಟಿನ್ಯಾಗ ಪವರ್ ಮತ್ತ ಆವಾಜಿನ ಬಟನ್ ಬಿಟ್ಟು ಉಳಿದಿದ್ದಕ್ಕೆಲ್ಲಾ ದಪ್ಪ ಟೇಪ್ ಹಚ್ಚಿಬಿಟ್ಟೀನಿ, ನಂಗ ಬರೋ ಫೋನ್ ಅರ್ಧಕ್ಕರ್ಧ ಕಡಿಮಿ ಆಗ್ಯಾವ.

ಈಗ ಫೋನ್. ಇದು ಟಿವಿಗಿಂತ ಮುಖ್ಯ ಅಂತ ನನ್ನ ಭಾವನಾ, ಟಿವಿ ಒಂದಿನ ಇಲ್ಲಂದ್ರ ನಡೀತೈತಿ, ಫೋನ್ ಇಲ್ಲಂದ್ರ ನಮ್ಗ ಇಲ್ಲಿ ನಿದ್ದಿ ಬರಂಗಿಲ್ಲ.

ಹಳೇ ತಾಮ್ರದ ತಂತಿ ಲ್ಯಾಂಡ್‌ಲೈನಿನ ದೊಡ್ಡ ಗುಣ ಏನಂದ್ರ ಅದಕ್ಕ ಕರೆಂಟ್ ಎಕ್ಸ್‌ಚೇಂಜಿಂದನ ಬರತಿತ್ತು, 48 ವೋಲ್ಟ್, ಮನ್ಯಾಗ ಲೈಟ್ ಹೋದ್ರೂ ಫೋನ್ ಜೀವಂತ. ಆದ್ರ ಧಾರವಾಡದಾಗ ರಸ್ತೆ ಅಗದಾಗೊಮ್ಮೆ ತಂತಿ ಹರೀತಿತ್ತು, ಜೋಡಿಸೋರು ಸಿಗತಿರಲಿಲ್ಲ. ಈಗ ಆ ತಂತಿ ಜಾಗಕ್ಕ ಫೈಬರ್ ಬರಾಕತ್ತೈತಿ, ಬಿಎಸ್‌ಎನ್‌ಎಲ್‌ನ್ಯಾಗ ಹಳೇ 0836 ನಂಬರ್ ಹಂಗ ಇಟ್ಕೊಂಡು ಫೈಬರ್‌ಗೆ ಬದಲಿ ಮಾಡ್ಸಾಕ ಬರತೈತಿ. ದೊಡ್ಡಪ್ಪಗ ಆ ನಂಬರ್ ಅಂದ್ರ ಜೀವ, ಊರ ಮಂದಿಗೆಲ್ಲಾ ಅದ ನಂಬರ್ ಗೊತ್ತು, ಲ್ಯಾಂಡ್‌ಲೈನ್ ನಂಬರ್ ಮೊಬೈಲಿಗೆ ಪೋರ್ಟ್ ಮಾಡಾಕ ಬರಂಗಿಲ್ಲ, ಅದಕ್ಕ ಅವ್ರ ಮನ್ಯಾಗ ಫೈಬರ್ ಹಾಕಿಸಿದ್ವಿ. ಮಾತು ಸ್ಪಷ್ಟ ಕೇಳತೈತಿ. ಆದ್ರ ಫೈಬರ್ ಬಾಕ್ಸ್‌ಗೆ ಮನಿ ಕರೆಂಟ್ ಬೇಕು, ಲೈಟ್ ಹೋದ್ರ ಫೋನೂ ಹೋತು. ಅದಕ್ಕಂತ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗತೈತಿ, ಅದನ್ನ ಅವತ್ತ ಜೋಡಿ ತಗೋರಿ, ಆಮ್ಯಾಲ ನೋಡೋಣು ಅನಬ್ಯಾಡ್ರಿ. ಮತ್ತ ನಾವು ತಗೊಂಡ ಪ್ಲ್ಯಾನಿನ್ಯಾಗ ಇಂಟರ್ನೆಟ್ ಕೂಡೇ ಐತಿ, ಉಪಯೋಗಿಸಲಿ ಬಿಡಲಿ ತಿಂಗಳಾ ರೊಕ್ಕ ಕೊಡಬೇಕು. ಹಳೇ ನಂಬರ್ ಬೇಕಂದ್ರ ಅಷ್ಟ ಈ ಖರ್ಚಿಗೆ ಬೆಲಿ ಐತಿ.

ಬೆಟಗೇರ್ಯಾಗ ಬ್ಯಾರೆ ದಾರಿ ಹಿಡದ್ವಿ. ಸಿಮ್ ಹಾಕೋ ಡೆಸ್ಕ್ ಫೋನ್ ಅಂತ ಬರತೈತಿ, ನೋಡಾಕ ಥೇಟ್ ಲ್ಯಾಂಡ್‌ಲೈನ್, ರಿಸೀವರ್ ಐತಿ, ದೊಡ್ಡ ಬಟನ್ ಅದಾವ, ಆದ್ರ ತಂತಿ ಇಲ್ಲ, ಒಳಗ ಸಿಮ್. ಮೊದಲ ಟಾಟಾ ವಾಕಿ ಅಂತ ಬರತಿತ್ತಲ್ಲಾ, ಅದರ ಜಾತಿದ್ದ ಇದು. ಬೀಟೆಲ್‌ನೋರದ್ದು ಸಿಗತೈತಿ, ಬ್ಯಾರೆ ಕಂಪನಿದ್ದೂ ಸಿಗತಾವ. ಒಳಗ ಬ್ಯಾಟರಿ ಐತಿ, ಲೈಟ್ ಹೋದ್ರೂ ತಾಸುಗಟ್ಟಲೆ ನಡೀತೈತಿ. ಅವ್ವಗ ಕಲಿಸೋದೇನೂ ಇರಲಿಲ್ಲ, ಎತ್ತಿದ್ಲು, ಮಾತಾಡಿದ್ಲು, ಇಟ್ಲು. ಕೀಪ್ಯಾಡ್ ಮೊಬೈಲ್ ಕೊಟ್ಟಾಗ ಹಸಿರು ಬಟನ್ ಬದ್ಲಿ ಕೆಂಪು ಒತ್ತೋದು, ಚಾರ್ಜ್ ಮರಿಯೋದು, ಸೆರಗಿನ್ಯಾಗ ಕಟ್ಕೊಂಡು ಎಲ್ಲೋ ಇಡೋದು ಎಲ್ಲಾ ಆಗಿತ್ತು, ಇದು ಇಟ್ಟಲ್ಲೇ ಇರತೈತಿ. ಮೆಮೊರಿ ಬಟನ್‌ಗೆ ನನ್ನ ನಂಬರ್, ತಮ್ಮನ ನಂಬರ್, ಡಾಕ್ಟರ್ ನಂಬರ್ ಸೇವ್ ಮಾಡಿ ಮ್ಯಾಲ ದಪ್ಪ ಅಕ್ಷರದಾಗ ಹೆಸರು ಬರದು ಅಂಟಿಸೀನಿ.

ತಗೋವಾಗ ಒಂದು ನೋಡ್ರಿ, 2ಜಿದ್ದು ಅಗ್ಗ, 4ಜಿದ್ದು ತುಟ್ಟಿ. ಜಿಯೋದಾಗ 2ಜಿ ಇಲ್ಲ, ಜಿಯೋ ಸಿಮ್ ಹಾಕೋದಿದ್ರ 4ಜಿ ವೋಲ್ಟೆ, ಅಂದ್ರ 4ಜಿ ಮ್ಯಾಲನ ಮಾತಾಡಾಕ ಬರೋ ಸೌಲಭ್ಯ, ಇರೋದ ಬೇಕು. ಅಪ್ಪಗ ಕಿವಿ ಮಷಿನ್ ಐತಿ, 2ಜಿ ಫೋನ್ ಹತ್ತಿರ ತಂದ್ರ ಅದರಾಗ ಗರ್ರ್ ಅಂತ ಆವಾಜು ಬರತಿತ್ತು, ಧಾರವಾಡ ಆಕಾಶವಾಣಿ 765ಕ್ಕ ಹಚ್ಚಿದ ರೇಡಿಯೋ ಬಾಜೂಕ ಇಟ್ರೂ ಅದ ಗರ್ರ್, 4ಜಿದ್ದು ತಂದ್ ಮ್ಯಾಲ ನಿಂತು. ಕಿವಿ ಮಷಿನ್ ಹಾಕೋರು ಇದ್ರ ರೊಕ್ಕ ಹೆಚ್ಚಾದ್ರೂ 4ಜಿದ್ದ ತಗೋರಿ.

ರೀಚಾರ್ಜ್ ವಿಷಯದಾಗ ಈಗ ಚೊಲೋ ಕಾಲ ಬಂದೈತಿ. ಮೊದಲ ಇಂಟರ್ನೆಟ್ ಬ್ಯಾಡಂದ್ರೂ ಡೇಟಾ ಪ್ಯಾಕ್ ಹಾಕಲೇಬೇಕಿತ್ತು. 2024ರ ಡಿಸೆಂಬರ್‌ದಾಗ ಟ್ರಾಯ್ ಆದೇಶ ಮಾಡಿ, ಬರೇ ಮಾತು ಮತ್ತ ಎಸ್‌ಎಮ್ಮೆಸ್ ಪ್ಯಾಕ್ ಎಲ್ಲಾ ಕಂಪನಿ ಕೊಡಬೇಕು, 365 ದಿನದ ತನಕ ಕೊಡಬಹುದು ಅಂತು. ಆಮ್ಯಾಲ 2025ರ ಜನವರ್ಯಾಗ ಜಿಯೋ 84 ದಿನಕ್ಕ 448, 336 ದಿನಕ್ಕ 1748 ಇಟ್ರು, ಏರ್‌ಟೆಲ್ 84 ದಿನಕ್ಕ 469, 365 ದಿನಕ್ಕ 1849. ದಿನದ ಲೆಕ್ಕ ಹಾಕಿದ್ರ ವರ್ಷದ 1849ರದ್ದು ಐದು ರೂಪಾಯಿ ಏಳು ಪೈಸೆ ಬೀಳತೈತಿ, 336 ದಿನದ್ದು ಐದು ರೂಪಾಯಿ ಇಪ್ಪತ್ತು ಪೈಸೆ, ಫರಕ್ ಸಣ್ಣದು. ಆದ್ರ 365 ದಿನದ್ದು ಪ್ರತಿ ವರ್ಷ ಅದ ತಾರೀಖಿಗೆ ಬರತೈತಿ, 336ರದ್ದು ವರ್ಷಾ ವರ್ಷಾ ಒಂದು ತಿಂಗಳು ಹಿಂದ ಸರೀತೈತಿ, ನೆನಪು ತಪ್ಪತೈತಿ, ಮುಗದ್ರ ಮೊದಲ ಹೊರಗ ಹೋಗೋ ಕಾಲ್ ಬಂದ್, ಆಮ್ಯಾಲ ಬರೋದೂ ಬಂದ್. ರೇಟ್ ಬದಲಿ ಆಗತಿರತಾವ, ಹಾಕ್ಸೋ ದಿನ ಅಂಗಡ್ಯಾಗ "ಬರೇ ಮಾತಿಂದು, ಡೇಟಾ ಬ್ಯಾಡ" ಅಂತ ಕೇಳ್ರಿ, ನೀವಾಗಿ ಕೇಳದಿದ್ರ ಅವ್ರು ತೋರ್ಸಂಗಿಲ್ಲ.

ಇನ್ನೊಂದು, ಪೆನ್ಶನ್ ಬರೋ ಬ್ಯಾಂಕಿಗೆ ಕೊಟ್ಟ ನಂಬರ್ ಈ ಡೆಸ್ಕ್ ಫೋನಿಗೆ ಹಾಕಬ್ಯಾಡ್ರಿ. ಅಪ್ಪನ ಬ್ಯಾಂಕ್ ನಂಬರ್ ಕೀಪ್ಯಾಡ್ ಮೊಬೈಲಿನ್ಯಾಗ ಕಪಾಟಿನ್ಯಾಗ ಇರತೈತಿ, ಡೆಸ್ಕ್ ಫೋನಿಗೆ ಬ್ಯಾರೆ ಸಿಮ್. ಹಿಂಗಾಗಿ ಯಾರರೆ ಮೋಸಗಾರ ಈ ಫೋನಿಗೆ ಹಚ್ಚಿ ಒಟಿಪಿ ಹೇಳ್ರಿ ಅಂದ್ರೂ ಹೇಳಾಕ ಇಲ್ಲಿ ಒಟಿಪಿ ಬರೋದ ಇಲ್ಲ. ಮಾರಾಟದ ಕಾಲ್ ಬಂದ್ ಮಾಡ್ಸಾಕ ಆ ಫೋನಿಂದನ 1909ಕ್ಕ ಹಚ್ಚಿ ರಿಜಿಸ್ಟರ್ ಮಾಡಿದೆ, ಇಂಟರ್ನೆಟ್ ಬೇಕಾಗಿಲ್ಲ. ಫೋನಿನ ಮ್ಯಾಲಿನ ಗ್ವಾಡಿಗೆ ಒಂದು ಹಾಳಿ ಹಚ್ಚೀನಿ: ಅಂಬುಲೆನ್ಸ್ 108, ತುರ್ತು 112, ಹಿರೇರ ಸಹಾಯವಾಣಿ 14567, ರೊಕ್ಕದ ಮೋಸ ಆದ್ರ 1930. ಧಾರವಾಡದ ಹಾಳ್ಯಾಗ ಇನ್ನೊಂದು ಸಾಲು ಹೆಚ್ಚಿಗೆ ಐತಿ, ಲ್ಯಾಂಡ್‌ಲೈನಿಂದ ಮೊಬೈಲಿಗೆ ಹಚ್ಚೋದಿದ್ರ ಮೊದಲ ಸೊನ್ನಿ ಒತ್ತಬೇಕು ಅಂತ, 2021ರ ಜನವರಿಯಿಂದ ಬಂದ ನಿಯಮ ಅದು, ದೊಡ್ಡವ್ವ ಇನ್ನೂ ಮರೀತಾರ.

ಮನ್ಯಾಗ ಒಬ್ರ ಇದ್ದು ಧಾರಾವಾಹಿ ಗೊಡವಿ ಇಲ್ಲದಿದ್ರ ಫ್ರೀ ಡಿಶ್ ಮತ್ತ ಸಿಮ್ಮಿನ ಡೆಸ್ಕ್ ಫೋನ್ ಹಾಕಸ್ರಿ, ಮೊದಲ ಸಾಮಾನಿನ ಖರ್ಚು ಬಿಟ್ರ, ಆ 1849ರ ವರ್ಷದ ಪ್ಯಾಕಿನ ಲೆಕ್ಕದಾಗ ತಿಂಗಳಿಗೆ ನೂರಾ ಐವತ್ತೈದರ ಒಳಗ ಎರಡೂ ನಡೀತಾವ. ಧಾರಾವಾಹಿ ಬೇಕಂದ್ರ ಇನ್ನೂರಿಪ್ಪತ್ತು ಇನ್ನೂರೈವತ್ತು ಕೂಡಿಸ್ರಿ, ಗದಗ ಕಡೆ ಡಿಟಿಎಚ್, ಧಾರವಾಡ ಕಡೆ ಕೇಬಲ್, ಅದೂ ಕೇಬಲ್ ಹುಡುಗ ಕರದ್ರ ಬರೋ ಓಣ್ಯಾಗ ಇದ್ರ ಮಾತ್ರ.