ಗೂಡುದೀಪಕ್ಕೆ ಬಿದಿರಿನ ಗೂಡು ಕೊಳ್ಳುವವರಿಗೆ

ದೀಪಾವಳಿ ಹತ್ತಿರ ಬಂತೆಂದರೆ ಮಂಗಳೂರು ಪೇಟೆಯ ಅಂಗಡಿಗಳ ಎದುರು ಗೂಡುದೀಪಗಳು, ಅಂದರೆ ಆಕಾಶಬುಟ್ಟಿಗಳು, ಸಾಲಾಗಿ ನೇತಾಡುತ್ತವೆ. ಮಡಚಿ ಎತ್ತಿಡುವ ಪ್ಲಾಸ್ಟಿಕ್‌ನದು ಒಂದು ಜಾತಿ. ಪೆಟ್ಟಿಗೆಯಲ್ಲಿ ಬರುವ, ನಾವೇ ಜೋಡಿಸಬೇಕಾದ ಕಿಟ್ ಇನ್ನೊಂದು. ಇವೆರಡರಿಂದ ದೂರ, ರಸ್ತೆ ಬದಿಯಲ್ಲಿ ಗೋಣಿ ಹಾಸಿ ಕೂತವರ ಹತ್ತಿರ ಕಾಗದ ಹಚ್ಚದ ಬರೀ ಬಿದಿರಿನ ಗೂಡು ಸಿಗುತ್ತದೆ. ಈ ಸಲ ಮೂರನ್ನೂ ತಂದು ನಮ್ಮ ಜಗಲಿಯಲ್ಲಿ ತೂಗುಹಾಕಿ ನೋಡಿದ್ದೇನೆ. ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ಗೂಡು ಕೊಳ್ಳಿ, ಕಾಗದ ನೀವೇ ಹಚ್ಚಿ.

ನಾನು ಸುರತ್ಕಲ್ ಕಡೆಯವಳು, ಟೈಲರಿಂಗ್ ನನ್ನ ಕೆಲಸ. ನವರಾತ್ರಿ ಮುಗಿಯುವವರೆಗೆ ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ. ಹುಲಿವೇಷ ತಂಡದವರ ಪಟ್ಟೆ ಪಟ್ಟೆ ಚಡ್ಡಿ, ಶಾರದೋತ್ಸವದಲ್ಲಿ ಕುಣಿಯುವ ಮಕ್ಕಳ ಡ್ರೆಸ್, ಎಲ್ಲವೂ ಅದೇ ವಾರಕ್ಕೆ ಬೇಕು. ವಿಜಯದಶಮಿಯಂದು ಮಂಗಳೂರಿನ ಕುದ್ರೋಳಿ ದೇವಸ್ಥಾನದಿಂದ ಶಾರದೆ, ನವದುರ್ಗೆಯರ ಮೆರವಣಿಗೆ ಹೊರಟ ಮೇಲೆ ನನ್ನ ಮೆಷಿನ್‌ಗೂ ರಜೆ. ಅಲ್ಲಿಂದ ದೀಪಾವಳಿವರೆಗಿನ ದಿನಗಳಲ್ಲಿ ನನ್ನ ಕೈ ಕಾಗದಕ್ಕೆ ಹೋಗುತ್ತದೆ. ವರ್ಷದಲ್ಲಿ ನನಗೆ ತುಂಬಾ ಇಷ್ಟದ ಕಾಲ ಅದು.

ಮೊದಲು ಗೂಡನ್ನೇ ನೋಡೋಣ. ಅದರ ಲೆಕ್ಕ ಬಹಳ ಚಂದ. ನಾಲ್ಕು ಕಡ್ಡಿಯ ಚೌಕಗಳು ಆರು. ಅವನ್ನು ಮೂಲೆಗೆ ಮೂಲೆ ಸೇರಿಸಿ ಕಟ್ಟಿದರೆ ನಡುವೆ ಎಂಟು ತ್ರಿಕೋನಗಳು ತಾವಾಗಿಯೇ ಬರುತ್ತವೆ, ಅದಕ್ಕೆ ಬೇರೆ ಕಡ್ಡಿ ಬೇಡ. ಒಂದು ಚೌಕ ಮೇಲೆ, ಒಂದು ಕೆಳಗೆ. ಉಳಿದ ನಾಲ್ಕು ಸುತ್ತಲೂ ಮೂಲೆಯ ಮೇಲೆ ನಿಂತಿರುತ್ತವೆ. ಒಟ್ಟು 24 ಕಡ್ಡಿ, ಚೌಕಗಳು ಕೂಡುವ ಜಾಗ 12. ನಾನು ತಂದ ಗೂಡಿನಲ್ಲಿ ಒಂದೊಂದು ಕಡ್ಡಿ 10 ಇಂಚು. ತೂಗುಹಾಕಿದಾಗ ಎತ್ತರ 14 ಇಂಚು, ಅಗಲ ಮೂಲೆಯಿಂದ ಮೂಲೆಗೆ 20 ಇಂಚು. ಸಾಧಾರಣ ಜಗಲಿಗೆ ಇದು ಸರಿಯಾದ ಅಳತೆ. ಇದಕ್ಕಿಂತ ದೊಡ್ಡದಾದರೆ ಗಾಳಿಗೆ ಕಂಬಕ್ಕೆ ಬಡಿಯುತ್ತದೆ.

ಕೊಳ್ಳುವಾಗ ಗೂಡನ್ನು ಎರಡು ಅಂಗೈ ನಡುವೆ ಹಿಡಿದು ಮೆತ್ತಗೆ ಒತ್ತಿ ನೋಡಬೇಕು. ಇದನ್ನು ಮಾರುವ ಅಣ್ಣನೇ ಹೇಳಿದ್ದು. "ಅಕ್ಕಾ, ಒತ್ತಿ ನೋಡಿ ತಗೊಳ್ಳಿ. ಕಿರ್ ಅಂತ ಸದ್ದು ಬಂದ್ರೆ ಅಲ್ಲೇ ಇಡಿ, ಬೇರೆ ಕೊಡ್ತೇನೆ" ಅಂದರು. ಹೀಗೆ ಹೇಳಿ ಮಾರುವವರು ಎಷ್ಟು ಜನ ಸಿಗ್ತಾರೆ ಹೇಳಿ? ಅವರು ಕಟ್ಟುತ್ತಾರೆ, ಹೆಂಡತಿ ಪಕ್ಕದಲ್ಲಿ ಕಡ್ಡಿ ಸವರುತ್ತಾರೆ. ಒಂದೊಂದು ಕಡ್ಡಿಯನ್ನೂ ಕತ್ತಿಯ ಬಾಯಿಗೆ ಕೊಟ್ಟು ಎಳೆದು ಸಿಗುರು ತೆಗೆಯುವುದನ್ನು ನಾನು ನಿಂತು ನೋಡಿದೆ. ಸಿಗುರು ಉಳಿದರೆ ಕಾಗದ ಅಲ್ಲೇ ಹರಿಯುತ್ತದೆ. ನಾನು ತಂದ ಗೂಡಿನ ಮೇಲೆ ಕಣ್ಣು ಮುಚ್ಚಿ ಬೆರಳು ಆಡಿಸಿದರೂ ಎಲ್ಲೂ ಚುಚ್ಚಲಿಲ್ಲ.

ಇನ್ನೂ ಎರಡು ವಿಷಯ ಗಮನಿಸಿ. ಬಿದಿರಿನ ಗೆಣ್ಣು ಕಡ್ಡಿಯ ನಡುವೆ ಇದ್ದರೆ ತೊಂದರೆ ಇಲ್ಲ. ತುದಿಯಲ್ಲಿ, ಅಂದರೆ ದಾರ ಕಟ್ಟುವ ಕಡೆ ಇದ್ದರೆ ಗಂಟು ಸರಿಯಾಗಿ ಕೂರುವುದಿಲ್ಲ. ಎರಡನೆಯದು, ದಾರದಲ್ಲಿ ಕಟ್ಟಿದ್ದನ್ನೇ ತನ್ನಿ. ಈಗ ಬಿಸಿ ಅಂಟಿನ ಗನ್ ಹಿಡಿದು ಚಕಚಕ ಅಂಟಿಸಿ ಮಾರುವವರೂ ಇದ್ದಾರೆ. ಬಿದಿರಿನ ಹೊರಗಿನ ಸಿಪ್ಪೆ ನುಣುಪು, ಅಂಟು ಅದನ್ನು ಹಿಡಿಯುವುದಿಲ್ಲ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಎಷ್ಟಿರುತ್ತದೆ ಗೊತ್ತಲ್ವಾ? ಒಂದು ಸಂಜೆ ಮಳೆ ಬಂದರೆ ಮೂಲೆ ಬಿಟ್ಟುಕೊಳ್ಳುತ್ತದೆ.

ಖಾಲಿ ಗೂಡು ಕೈಯಲ್ಲಿ ಹಿಡಿದಾಗ ತುಸು ಓಲಾಡುತ್ತದೆ. ಅದನ್ನು ನೋಡಿ ಇದು ಗಟ್ಟಿಯಿಲ್ಲ ಎಂದು ವಾಪಸ್ ಇಟ್ಟು ಹೋದವರನ್ನು ಅಲ್ಲೇ ಕಂಡೆ. ಪಾಪ, ಅವರಿಗೆ ಗೊತ್ತಿಲ್ಲ. ಚೌಕ ಅಂದ ಮೇಲೆ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಸುತ್ತಲಿನ ಚೌಕಗಳಿಗೆ ಕಾಗದ ಬಿಗಿಯಾಗಿ ಹಚ್ಚಿ ಒಣಗಿಸಿದ ಮೇಲೆ ಇಡೀ ಗೂಡು ಗಟ್ಟಿಯಾಗಿ ನಿಲ್ಲುತ್ತದೆ. ಹಾಗಾಗಿ ನಾನು ಯಾವಾಗಲೂ ಮೊದಲು ಚೌಕ ಮುಗಿಸಿ, ಆಮೇಲೆ ತ್ರಿಕೋನಕ್ಕೆ ಹೋಗುತ್ತೇನೆ. ಮೇಲಿನದು, ಕೆಳಗಿನದು ಎರಡೂ ಚೌಕ ತೆರೆದೇ ಇರಲಿ. ಬಲ್ಬಿನ ಬಿಸಿ ಹೊರಗೆ ಹೋಗಬೇಕು.

ಕಾಗದಕ್ಕೆ ಗಾಳಿಪಟದ ಕಾಗದವೇ ಬೇಕು. ಗ್ಲಾಸ್ ಪೇಪರ್ ಮಿಂಚುತ್ತದೆ ನಿಜ, ಆದರೆ ಒಳಗಿನ ಬಲ್ಬ್, ವೈರು ಎಲ್ಲ ಹೊರಗೆ ಕಾಣುತ್ತದೆ. ಗಾಳಿಪಟದ ಕಾಗದ ಬೆಳಕನ್ನು ಹರಡುತ್ತದೆ, ಬಲ್ಬ್ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಬಟ್ಟೆ ಕತ್ತರಿಸುವ ಹಾಗೆ ಸುತ್ತ ಅರ್ಧ ಇಂಚು ಮಾರ್ಜಿನ್ ಬಿಟ್ಟು ಕತ್ತರಿಸಿ, ಆ ಅಂಚನ್ನು ಕಡ್ಡಿಗೆ ಸುತ್ತಿ ಅಂಟಿಸಿ. ಬಟ್ಟೆಯ ಕತ್ತರಿಯನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ, ಕಾಗದ ಕತ್ತರಿಸಿದರೆ ಅದರ ಹರಿತ ಹೋಗುತ್ತದೆ. ಅಂಟು ಒಣಗಿದ ಮೇಲೆ ಒದ್ದೆ ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ ಕಾಗದದ ಮೇಲೆ ಒಮ್ಮೆ ಹಗುರವಾಗಿ ಒತ್ತಿ. ಸುಕ್ಕುಗಟ್ಟಿದ್ದ ಕಾಗದ ಒಣಗುತ್ತಾ ಒಣಗುತ್ತಾ ತನ್ನಿಂದ ತಾನೇ ಎಳೆದುಕೊಳ್ಳುತ್ತದೆ. ಬೆರಳಲ್ಲಿ ತಟ್ಟಿದರೆ ಚೆಂಡೆಯ ಹಾಗೆ ಸದ್ದು ಕೊಡುತ್ತದೆ. ಅಗ್ಗದ ಕಾಗದ ಒದ್ದೆಯಾದರೆ ಬಣ್ಣ ಬಿಡುವುದುಂಟು, ಮೊದಲು ಒಂದು ತುಂಡಿನಲ್ಲಿ ನೋಡಿಕೊಳ್ಳಿ.

ಅಂಟಿಗೆ ಮೈದಾ ಸಾಕು. ನೀರಲ್ಲಿ ಕದಡಿ, ಸಣ್ಣ ಉರಿಯಲ್ಲಿ ತಿರುವುತ್ತಾ ಗಟ್ಟಿ ಮಾಡಿ. ಮೈದಾ ಅಂದರೆ ಜಿರಳೆಗೂ ಇಷ್ಟ, ಅದಕ್ಕೆ ಒಂದು ಚಿಟಿಕೆ ಮೈಲುತುತ್ತು (ಕಾಪರ್ ಸಲ್ಫೇಟ್) ಸೇರಿಸುವುದು ಹಳೆಯ ಕ್ರಮ. ಅಡಿಕೆ ತೋಟದ ಮನೆಯವರು ಅದನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣಕ್ಕೆ ತಂದದ್ದು ಇದ್ದೇ ಇರುತ್ತದೆ. ಅದು ವಿಷ, ನೆನಪಿರಲಿ. ಅಂಟು ಒಲೆಯಿಂದ ಇಳಿಸಿ, ಬಿಸಾಡುವ ಪ್ಲಾಸ್ಟಿಕ್ ಡಬ್ಬಿಗೆ ಹಾಕಿದ ಮೇಲೆಯೇ ಸೇರಿಸಿ. ಚಿಕ್ಕ ಮಕ್ಕಳು ಜೊತೆಯಲ್ಲಿ ಕೂತು ಅಂಟಿಸುತ್ತಾರೆ ಅಂತಾದರೆ ಮೈಲುತುತ್ತು ಬೇಡವೇ ಬೇಡ.

ಪೆಟ್ಟಿಗೆಯ ಕಿಟ್ ಬಗ್ಗೆ ಹೇಳಬೇಕಲ್ಲ. ಹೆಸರು ಹೇಳುವುದಿಲ್ಲ, ಅಂಥವು ನಾಲ್ಕಾರು ಕಂಪನಿಯವು ಬರುತ್ತವೆ. ಚಿತ್ರ ನೋಡಿ ಜೋಡಿಸುವ ಕಾಗದ ಕೊಟ್ಟಿದ್ದಾರೆ, ಅದು ಸ್ಪಷ್ಟವಾಗಿದೆ. ನಮ್ಮ ಪಕ್ಕದ ಮನೆಯ ನಾಲ್ಕನೇ ಕ್ಲಾಸಿನ ಹುಡುಗಿ ಯಾರನ್ನೂ ಕೇಳದೆ ಜೋಡಿಸಿದಳು. ಅವಳ ಮುಖದ ಖುಷಿ ನೋಡಿದ ಮೇಲೆ ಕಿಟ್ ದಂಡ ಎಂದು ಹೇಳಲು ನನಗೆ ಮನಸ್ಸಿಲ್ಲ. ಆದರೆ ಕಡ್ಡಿಗಳನ್ನು ಸೇರಿಸುವ ಪ್ಲಾಸ್ಟಿಕ್ ಮೂಲೆಗಳಲ್ಲಿ ಒಂದು ಒತ್ತುವಾಗಲೇ ಸೀಳಿತು, ಹೆಚ್ಚುವರಿ ಕೊಟ್ಟಿರಲಿಲ್ಲ. ಕಾಗದವನ್ನು ಸರಿ ಅಳತೆಗೆ ಕತ್ತರಿಸಿ ಕೊಟ್ಟಿದ್ದಾರೆ, ಮಾರ್ಜಿನ್ ಇಲ್ಲ. ಒಂದು ನೂಲಿನಷ್ಟು ಆಚೀಚೆ ಆದರೂ ಸಂದು ಕಾಣುತ್ತದೆ. ಬೆಲೆ 450 ರೂಪಾಯಿ. ಹೊರದೇಶದಲ್ಲೋ ಬೆಂಗಳೂರಿನ ಫ್ಲ್ಯಾಟಿನಲ್ಲೋ ಇರುವ ಊರವರಿಗೆ ಬಿದಿರಿನ ಗೂಡು ಎಲ್ಲಿ ಸಿಗಬೇಕು? ಅವರಿಗೆ ಇದು ಆಗುತ್ತದೆ. ಊರಲ್ಲಿ ಇರುವವರಿಗೆ ಬೇಡ.

ಮಡಚುವ ಪ್ಲಾಸ್ಟಿಕ್‌ನದರ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ. ಮಳೆಗೆ ಏನೂ ಆಗುವುದಿಲ್ಲ, ಅದೊಂದೇ ಒಳ್ಳೆಯದು. ಬೆಳಕು ಹಚ್ಚಿದರೆ ಪ್ರಿಂಟ್ ಮಾಡಿದ ಹೂವು ಕಾಣುತ್ತದೆ, ಬಣ್ಣ ಕಾಣುವುದಿಲ್ಲ.

ಬೆಳಕಿನ ಮಾತು ಬಂತಲ್ಲ. ಹಳದಿ ಬೆಳಕಿನ 5 ವ್ಯಾಟ್ ಎಲ್‌ಇಡಿ ಬಲ್ಬ್ ಹಾಕಿ. ಬಿಳಿ ಬಲ್ಬಿಗೆ ಕೆಂಪು ಕಾಗದ ಗುಲಾಬಿಯ ಹಾಗೆ ಪೇಲವವಾಗುತ್ತದೆ. ಎಲ್ಲ ಮುಖಕ್ಕೂ ಗಾಢ ಬಣ್ಣ ಹಚ್ಚುವುದು ನನಗೆ ಸರಿ ಕಾಣುವುದಿಲ್ಲ. ಚೌಕಕ್ಕೆ ಬಿಳಿ, ತ್ರಿಕೋನಕ್ಕೆ ಕೆಂಪು, ಹಳದಿ ಒಂದು ಬಿಟ್ಟು ಒಂದು. ಬಿಳಿಯಿಂದ ಜಗಲಿಗೆ ಬೆಳಕು ಬೀಳುತ್ತದೆ, ಬಣ್ಣ ದೂರಕ್ಕೆ ಕಾಣುತ್ತದೆ. ಕೆಳಗಿನ ಬಾಲಕ್ಕೆ ಕಾಗದವನ್ನು ಮಡಚಿ ಮಡಚಿ ಕತ್ತರಿಸಿ ಬಿಡಿಸಿದರೆ ಆಯಿತು. ತುಂಬಾ ಉದ್ದ ಬೇಡ, ಒಂದೂವರೆ ಅಡಿ ಸಾಕು.

ಇದನ್ನೆಲ್ಲ ಎಲ್ಲಿ ಕಲಿಯುವುದು ಎಂದು ಕೇಳುವವರಿಗೆ, ಕುದ್ರೋಳಿಗೆ ಹೋಗಿ ನೋಡಿ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಗೋಕರ್ಣನಾಥ ದೇವಸ್ಥಾನದ ಅಂಗಳದಲ್ಲಿ ‘ನಮ್ಮ ಕುಡ್ಲ’ ವಾಹಿನಿಯವರು ಗೂಡುದೀಪ ಸ್ಪರ್ಧೆ ನಡೆಸುತ್ತಾ ಬಂದಿದ್ದಾರೆ. ಸಾಂಪ್ರದಾಯಿಕ, ಆಧುನಿಕ, ಪ್ರತಿಕೃತಿ ಎಂದು ಮೂರು ವಿಭಾಗ. ಜನ ಜಾಸ್ತಿ ಸೇರುವುದು ಪ್ರತಿಕೃತಿಯ ಹತ್ತಿರ. ಐಸ್‌ಕ್ರೀಮ್ ಕಡ್ಡಿ, ಧಾನ್ಯ, ಏನೇನೋ ಬಳಸಿ ಮಾಡಿರುತ್ತಾರೆ, ಆ ತಾಳ್ಮೆಗೆ ಕೈ ಮುಗಿಯಬೇಕು. ನಾನು ಮಾತ್ರ ಸಾಂಪ್ರದಾಯಿಕ ಸಾಲಿನ ಎದುರೇ ಹೆಚ್ಚು ಹೊತ್ತು ನಿಲ್ಲುತ್ತೇನೆ. ಹೆಚ್ಚಿನವು ಇದೇ ಬಿದಿರು, ಇದೇ ಕಾಗದ. ಆದರೆ ಒಬ್ಬರು ಚೌಕದ ಒಳಗೆ ಕತ್ತರಿಸಿದ ಜಾಲರಿ ಹಾಗೆಯೇ ಇನ್ನೊಬ್ಬರದು ಇರುವುದಿಲ್ಲ. ಮಾಡಿದವರು ದೀಪದ ಪಕ್ಕದಲ್ಲೇ ನಿಂತಿರುತ್ತಾರೆ, ಕೇಳಿದರೆ ಬಿಡಿಸಿ ಹೇಳುತ್ತಾರೆ. ಮೂಲೆಯ ಗಂಟನ್ನು ಬೇಗಡೆ ಹೂವಿನಿಂದ ಮುಚ್ಚುವುದನ್ನು ನನಗೆ ಅಲ್ಲಿ ಒಬ್ಬ ಹಿರಿಯರು ತೋರಿಸಿಕೊಟ್ಟರು. ಸುಮ್ನೆ ಫೋಟೊ ತೆಗೆದು ಬರಬೇಡಿ, ಮಾತಾಡಿಸಿ.

ಈಗ ಗೂಡಿನ ಕೊರತೆಯನ್ನೂ ಹೇಳಬೇಕು. ಬಿದಿರಿಗೆ ಕುಟ್ಟೆ ಹುಳ ಹಿಡಿಯುತ್ತದೆ. ಕಡ್ಡಿಯ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಆ ಗೂಡು ಮುಂದಿನ ವರ್ಷಕ್ಕೆ ಬರುವುದಿಲ್ಲ. ನೀರಲ್ಲಿ ಕೆಲವು ವಾರ ಮುಳುಗಿಸಿಟ್ಟ ಬಿದಿರಾದರೆ ಕುಟ್ಟೆ ಕಡಿಮೆ. ಮಾರುವವರನ್ನು ಬಾಯಿಬಿಟ್ಟು ಕೇಳಿ. ನನ್ನ ಗೂಡಿನ ಬಿದಿರು ನೆನೆಸಿದ್ದು ಎಂದರು ಅವರು. ಮೇಲೆ ಬಲ್ಬ್ ಕಟ್ಟಲು ಅಡ್ಡಕಡ್ಡಿ ಕೊಟ್ಟಿದ್ದಾರೆ, ಆದರೆ ಅದು ಸಪೂರವಾಯಿತು. ನಾನು ಅದರ ಜೊತೆಗೆ ಇನ್ನೊಂದು ಕಡ್ಡಿ ಸೇರಿಸಿ ಕಟ್ಟಿಕೊಂಡೆ. ಬಸ್ಸಿನಲ್ಲಿ ತರುವುದು ಕಷ್ಟ, ಮಡಚಲು ಬರುವುದಿಲ್ಲ. ಸಂಜೆ ಹೊತ್ತು ರಶ್ ಇರುವ ಬಸ್ಸಿಗೆ ಹತ್ತಬೇಡಿ.

ಗೂಡಿಗೆ ಕೊಟ್ಟದ್ದು 150 ರೂಪಾಯಿ. ಕಾಗದ, ಮೈದಾ, ನೂಲು ಎಲ್ಲ ಸೇರಿದರೂ ಕಿಟ್‌ನ ಅರ್ಧ ಬೆಲೆ ಸ್ವಲ್ಪ ದಾಟುತ್ತದೆ ಅಷ್ಟೇ. ಚೌಕಾಸಿ ಮಾಡಬೇಡಿ ಮಾರಾಯ್ರೆ. 24 ಕಡ್ಡಿ ಸೀಳಿ, ಸವರಿ, ಕಟ್ಟುವ ಕೆಲಸಕ್ಕೆ ಆ ದುಡ್ಡು ಜಾಸ್ತಿಯಲ್ಲ. ಹಬ್ಬದ ಹಿಂದಿನ ದಿನಕ್ಕೆ ಕಾದರೆ ಓರೆಕೋರೆ ಆದದ್ದು ಮಾತ್ರ ಉಳಿದಿರುತ್ತದೆ. ದಸರಾ ಮುಗಿದ ವಾರದಲ್ಲೇ ಹೋಗಿ, ಬಿಸಿಲಿರುವ ಬೆಳಗ್ಗೆ ಹೋಗಿ. 12 ಇಂಚು ಕಡ್ಡಿಯ ದೊಡ್ಡ ಗೂಡು ಬೇಕಾದರೆ ಅವರಿಗೆ ಮೊದಲೇ ಹೇಳಿಡಬೇಕು, ಒಂದೆರಡು ದಿನದಲ್ಲಿ ಕಟ್ಟಿಕೊಡುತ್ತಾರೆ. ನಮ್ಮ ಅಕ್ಕನ ಮನೆಗೆ ಒಂದು ಹೇಳಿಟ್ಟಿದ್ದೇನೆ.