ಚಾಕುವಿನ ಕೋನಕ್ಕೆ ಯಾವುದು ಸರಿ: ಮಾರ್ಕರ್, ಗೇಜ್, ಕ್ಯಾಲಿಪರ್?

ನೀರಲ್ಲಿ ನಿಧಾನಕ್ಕೆ ತಿರುಗುವ ಸಾಣೆ ಯಂತ್ರದಲ್ಲಿ ಚಾಕು ಹಿಡಿಯುವಾಗ ನನಗೆ ಬೇಕಿರುವುದು ಇಷ್ಟೇ: ಅಲಗು ಕಲ್ಲಿಗೆ ತಾಗುವ ಕೋನವನ್ನು ಈ ಸಲ 15 ಡಿಗ್ರಿ ಇಟ್ಟರೆ ಮುಂದಿನ ಸಲವೂ 15 ಡಿಗ್ರಿಯೇ ಬರಬೇಕು. ಇಲ್ಲದಿದ್ದರೆ ಪ್ರತಿ ಸಲ ಹೊಸ ಅಂಚು ತೆಗೆಯಬೇಕಾಗುತ್ತದೆ, ಉಕ್ಕು ಸುಮ್ನೆ ಸವೆಯುತ್ತದೆ.

ಮಾರ್ಕರ್ ಪೆನ್ ಎಲ್ಲಕ್ಕಿಂತ ಅಗ್ಗ. ಅಂಚಿಗೆ ಕಪ್ಪು ಬಳಿದು, ಯಂತ್ರ ಹಾಕದೆ ಕಲ್ಲನ್ನು ಕೈಯಲ್ಲೇ ಸ್ವಲ್ಪ ತಿರುಗಿಸಿ ನೋಡಬೇಕು. ತುದಿಯಲ್ಲಿ ಮಾತ್ರ ಬಣ್ಣ ಹೋದರೆ ಕೋನ ಜಾಸ್ತಿಯಾಗಿದೆ. ತುದಿ ಕಪ್ಪಾಗೇ ಉಳಿದು ಮೇಲ್ಭಾಗ ಹೊಳೆದರೆ ಕಡಿಮೆಯಾಗಿದೆ. ಇರುವ ಕೋನವನ್ನೇ ಉಳಿಸಿಕೊಳ್ಳೋಕೆ ಇದರಷ್ಟು ನಂಬಿಕೆಯ ದಾರಿ ಇಲ್ಲ. ಆದರೆ ಅದು ಎಷ್ಟು ಡಿಗ್ರಿ ಅಂತ ಪೆನ್ ಹೇಳಲ್ಲ.

ಗೇಜ್, ಅಂದರೆ ಅಲಗಿಗೆ ತಾಗಿಸಿ ಕೋನ ಓದುವ ಸಾಧನ, ಡಿಗ್ರಿ ಹೇಳುತ್ತದೆ, ಬೇಗ ಕೆಲಸ ಮುಗಿಯುತ್ತದೆ. ತೊಂದರೆ ಏನೆಂದರೆ ಅದು ಕೂರುವುದು ಅಲಗಿನ ಪಕ್ಕದ ಮೇಲೆ. ಅಲಗು ಬೆನ್ನಿಂದ ಅಂಚಿಗೆ ತೆಳ್ಳಗಾಗುತ್ತಾ ಬರುತ್ತದಲ್ವಾ? ಬೆನ್ನು 3 ಮಿ.ಮೀ. ದಪ್ಪ, ಅಗಲ 45 ಮಿ.ಮೀ. ಇರುವ ಚಾಕುವಿನಲ್ಲಿ ಇದೊಂದರಿಂದಲೇ ಹತ್ತಿರ 2 ಡಿಗ್ರಿ ವ್ಯತ್ಯಾಸ ಬರುತ್ತದೆ. ಡಿಜಿಟಲ್ ಕೋನಮಾಪಕ ಸಾಣೆ ಹಿಡಿಯುವ ಚಪ್ಪಟೆ ಬೆಲ್ಟಿಗೆ ಚೆನ್ನ. ದುಂಡು ಕಲ್ಲಿನ ಮೇಲೆ ಸೊನ್ನೆ ಎಲ್ಲಿಡೋದು ಅನ್ನುವುದೇ ಪ್ರಶ್ನೆ.

ನನಗೆ ಒಗ್ಗಿದ್ದು ದೂರ, ದಪ್ಪ, ವ್ಯಾಸಗಳನ್ನು ನಿಖರವಾಗಿ ಅಳೆಯುವ ಕ್ಯಾಲಿಪರ್. ಕಲ್ಲಿನ ವ್ಯಾಸ, ಚಾಕುವಿನ ಅಂಚಿನಿಂದ ಆಧಾರದ ಕಂಬಿಗೆ ಇರುವ ದೂರ, ಆ ಕಂಬಿಯ ಮೇಲೆ ಕೂತು ಚಾಕು ಹಿಡಿಯುವ ಜಿಗ್‌ನ ದಪ್ಪ ಇಷ್ಟು ಗೊತ್ತಿದ್ದರೆ, ಕಂಬಿ ಎಷ್ಟು ಎತ್ತರದಲ್ಲಿರಬೇಕು ಅನ್ನುವುದು ಹೈಸ್ಕೂಲಿನ ತ್ರಿಕೋನಮಿತಿ ಲೆಕ್ಕ. ಒಮ್ಮೆ ಎಕ್ಸೆಲ್‌ಗೆ ಹಾಕಿಟ್ಟರೆ ಆಯಿತು. 250 ಮಿ.ಮೀ. ಕಲ್ಲು, 140 ಮಿ.ಮೀ. ದೂರ ಇದ್ದಾಗ ಕಂಬಿಯನ್ನು ಸುಮಾರು ಒಂದೂವರೆ ಮಿ.ಮೀ. ಎತ್ತಿದರೆ ಕೋನ 1 ಡಿಗ್ರಿ ಏರುತ್ತದೆ. ಹಾಗಾಗಿ ಕಾಲು ಡಿಗ್ರಿಯ ಲೆಕ್ಕದಲ್ಲೂ ಹೊಂದಿಸಬಹುದು.

ಇನ್ನೊಂದು ಲಾಭ ಇದೆ, ನನಗೆ ಅದೇ ದೊಡ್ಡದು. ಕಲ್ಲು ಸವೆಯುತ್ತದೆ. 250 ಇದ್ದದ್ದು 245ಕ್ಕೆ ಇಳಿದಾಗ ಕಂಬಿಯನ್ನು ಅಲ್ಲೇ ಬಿಟ್ಟರೆ 15 ಡಿಗ್ರಿ 16 ದಾಟಿರುತ್ತದೆ. ಕಣ್ಣಿಗೆ ಅದು ಕಾಣಲ್ಲ. ಪ್ರತಿ ಸಲ ವ್ಯಾಸ ಅಳೆದು ಲೆಕ್ಕಕ್ಕೆ ಹಾಕುವವರಿಗೆ ಈ ತಪ್ಪು ಬರೋದೇ ಇಲ್ಲ.

ಇಷ್ಟಾದರೂ ಜಿಗ್ ಅಲಗನ್ನು ಸರಿಯಾಗಿ ನಡುವೆ ಹಿಡಿಯದಿದ್ದರೆ ಎರಡು ಬದಿಯ ಕೋನ ಬೇರೆಬೇರೆ ಆಗುತ್ತದೆ. ಅದನ್ನು ಕ್ಯಾಲಿಪರ್ ಹಿಡಿಯಲಾರದು. ಎರಡೂ ಬದಿಗೆ ಮಾರ್ಕರ್ ಬಳಿದು, ಒಂದೊಂದು ಸಲ ಎಳೆದು, ಬಣ್ಣ ಹೋದ ಪಟ್ಟಿಗಳ ಅಗಲ ಹೋಲಿಸಿ ನೋಡಿ.